ಪಟ್ಟಿಯಲ್ಲಿಲ್ಲದ ದಾನಿಗಳು

ಶಿವಮೊಗ್ಗ ಸೀಮೆಯ ಯಾವುದಾದರೂ ಸರ್ಕಾರಿ ಶಾಲೆಯೊಳಗೆ ಹೋಗಿ ಒಂದು ಗಳಿಗೆ ಸುಮ್ಮನೆ ಕೂತರೆ ಊರಿನ ಚರಿತ್ರೆಯನ್ನು ಸಾಮಾನುಗಳ ಮೇಲೇ ಓದಬಹುದು. ಬೀರುವಿನ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ‘ತಂದೆಯವರ ಜ್ಞಾಪಕಾರ್ಥ’ ಎಂದಿರುತ್ತದೆ. ನೀರಿನ ಫಿಲ್ಟರಿಗೆ ಯಾವುದೋ ಸಂಘದ ಹೆಸರು. ಊಟದ ತಟ್ಟೆ ಮಗುಚಿದರೆ ಪಾತ್ರೆ ಅಂಗಡಿಯವನು ಕೊರೆದುಕೊಟ್ಟ ಚುಕ್ಕೆ ಚುಕ್ಕೆ ಅಕ್ಷರಗಳು. ಫ್ಯಾನಿನ ಮೂರು ರೆಕ್ಕೆಗೂ ಒಂದೇ ಹೆಸರು. ಕರೆಂಟು ಹೋದಾಗ ಮಾತ್ರ ಓದಲಿಕ್ಕಾಗುತ್ತದೆ. ಇದನ್ನೆಲ್ಲ ನೋಡಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಆ ಬೀರು, ಆ ತಟ್ಟೆ, ಆ ಫ್ಯಾನು ಇಲ್ಲದಿದ್ದರೆ ಆ ಕೋಣೆಯಲ್ಲಿ ಬೇರೇನೂ ಇರುತ್ತಿರಲಿಲ್ಲ ಎನ್ನುವುದು ಅಲ್ಲಿ ಓದಿದ ನಮಗೆ ಗೊತ್ತು. ಆದರೆ ಒಂದು ಪ್ರಶ್ನೆ ಬಹಳ ದಿನದಿಂದ ಕಾಡುತ್ತಿದೆ. ಹೆಸರು ಬರೆಯಲು ಜಾಗವಿರುವ ವಸ್ತುವನ್ನು ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೆಸರು ಬರೆಯಲು ಜಾಗವೇ ಇಲ್ಲದ್ದನ್ನು ಯಾರು ಕೊಡುತ್ತಾರೆ?

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದು, ಗಾಜನೂರಿನ ಅಣೆಕಟ್ಟೆ ದಾಟಿ ಸ್ವಲ್ಪ ಮುಂದೆ ಬಂದರೆ ಸಕ್ರೆಬೈಲು. ಊರಿನಿಂದ ಸುಮಾರು 14 ಕಿಲೋಮೀಟರು. ಹೊರಗಿನವರಿಗೆ ಅದು ಆನೆ ಬಿಡಾರ. ಬೆಳಿಗ್ಗೆ ತುಂಗೆಯ ಹಿನ್ನೀರಲ್ಲಿ ಆನೆಗಳ ಸ್ನಾನ, ಮಾವುತರ ಕೂಗು, ಮೊಬೈಲು ಎತ್ತಿ ಹಿಡಿದ ಪ್ರವಾಸಿಗರು. ಅಲ್ಲಿಂದ ಒಳಗೆ, ಕಾಡಿನ ಅಂಚಲ್ಲಿ, ನಮ್ಮ ಹಳ್ಳಿ. ಮುಳುಗಡೆಯವರ ಊರು. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿ ನಿಂತಾಗ ಮನೆ, ಗದ್ದೆ, ದೇವರಬನ ಎಲ್ಲ ಬಿಟ್ಟು ಲಾರಿ ಹತ್ತಿದವರ ಮೊಮ್ಮಕ್ಕಳು ನಾವು. ಅಮ್ಮ ಆ ಊರಿನ ಅಂಗನವಾಡಿ ಟೀಚರಾಗಿದ್ದಳು. ಎಂಬತ್ತರ ದಶಕದ ಕೊನೆಯಲ್ಲಿ ಸೇರಿದವಳು, ನಿವೃತ್ತಿಯಾಗುವವರೆಗೂ ಅದೇ ಊರು.

ಅಂಗನವಾಡಿ ಶುರುವಾದದ್ದು ಒಬ್ಬರ ಮನೆಯ ಜಗಲಿಯಲ್ಲಿ. ಅಡಿಕೆ ಸುಗ್ಗಿ ಬಂದರೆ ಜಗಲಿ ಬಿಡಬೇಕು. ಆಗ ಮಕ್ಕಳು ಭಜನಾ ಮಂದಿರಕ್ಕೆ. ಅಲ್ಲಿ ಸಪ್ತಾಹ ಬಂದರೆ ಮತ್ತೆ ಜಗಲಿಗೆ. ಕಟ್ಟಡಕ್ಕೆ ಜಾಗ ಕೊಡಲು ಊರಲ್ಲಿ ಒಬ್ಬರಲ್ಲ, ಮೂವರು ಮುಂದೆ ಬಂದಿದ್ದರು. ಆದರೆ ಮುಳುಗಡೆಯವರಲ್ಲಿ ಅನೇಕರಿಗೆ ತಾವು ಉಳುವ ನೆಲಕ್ಕೇ ಹಕ್ಕುಪತ್ರ ಇರಲಿಲ್ಲ. ತನ್ನ ಹೆಸರಿಗೆ ಇಲ್ಲದ ನೆಲವನ್ನು ಮಕ್ಕಳ ಹೆಸರಿಗೆ ಹೇಗೆ ಬರೆದುಕೊಡುವುದು? ದಾನ ಮಾಡಲಿಕ್ಕೆ ಮನಸ್ಸು ಇದ್ದರೆ ಸಾಕು ಎನ್ನುತ್ತಾರೆ. ನಮ್ಮೂರಲ್ಲಿ ಮನಸ್ಸಿತ್ತು, ಖಾತೆ ಇರಲಿಲ್ಲ.

ನೆಲ ಕೊಡಲಾಗದವರು ಬೇರೆ ಏನೇನೋ ಕೊಟ್ಟರು. ಒಬ್ಬರು ಮಳೆಗಾಲಕ್ಕೆ ಮೊದಲೇ ಒಣಗಿಸಿದ ಸೌದೆ ಕೊಟ್ಟರು. ಇನ್ನೊಂದು ಮನೆಯ ಅಜ್ಜಿ ಎಮ್ಮೆ ಕರೆಯುವಷ್ಟು ದಿನ ಒಂದು ಚೊಂಬು ಮಜ್ಜಿಗೆ ಕಳಿಸಿದರು. ತೋಟದವರು ಬಾಳೆಗೊನೆ ಹಣ್ಣಾದರೆ ಎರಡು ಚಿಪ್ಪು ತೆಗೆದಿಡುತ್ತಿದ್ದರು. ಬಸಳೆ, ಸೌತೆಕಾಯಿ, ನುಗ್ಗೆಸೊಪ್ಪಿಗಂತೂ ಲೆಕ್ಕವಿಲ್ಲ. ಅಮ್ಮ ಇದನ್ನೆಲ್ಲ ಹಾಜರಿ ಪುಸ್ತಕದ ಕೊನೇ ಹಾಳೆಗಳಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: “ಕೊಟ್ಟೋರ ಹೆಸ್ರು ಬರ್ದಿಟ್ಟಿದೀನಿ. ಯಾವ ಮಗು ತಿಂತು ಅಂತ ಬರ್ದಿಲ್ಲ.”

ನಾನು ಈಗ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿದ್ಯಾರ್ಥಿವೇತನದ ಅರ್ಜಿಗಳು ನನ್ನ ಮೇಜಿನ ಮೇಲೂ ಬರುತ್ತವೆ. ಅಮ್ಮನ ಆ ಮಾತಿನ ತೂಕ ನನಗೆ ಗೊತ್ತಾದದ್ದು ಅವುಗಳನ್ನು ಓದತೊಡಗಿದ ಮೇಲೆ.

ಕಲಿಯುವವರಿಗೆ ಊರು ಆಸರೆಯಾಗುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಯ ಮಠ ಇತ್ತು. ಅದನ್ನು ವರ್ಣಿಸುವ 1162ರ ಶಾಸನ ಹೆಸರಾದದ್ದು. ನಾಲ್ಕು ವೇದ, ಹಲವು ವ್ಯಾಕರಣ, ದರ್ಶನ, ಕಾವ್ಯ, ನಾಟಕ ಎಲ್ಲದರ ಓದು ಅಲ್ಲಿತ್ತು. ಆದರೆ ಶಾಸನ ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಬಂದರೆ ಊಟ ಸಿಗುವ ಜಾಗ ಅದು, ಕಾಯಿಲೆಯವರಿಗೆ ಮದ್ದು ಸಿಗುವ ಜಾಗ ಅದು ಎಂದೂ ಹೇಳುತ್ತದೆ. ಓದು, ಊಟ, ಔಷಧಿ ಮೂರೂ ಒಂದೇ ಸೂರಿನಡಿ. ಅಂಗನವಾಡಿ ಮಾಡಬೇಕಾದ ಕೆಲಸವೂ ಹೆಚ್ಚು ಕಡಿಮೆ ಅದೇ: ಅಕ್ಷರಕ್ಕೆ ಮೊದಲಿನ ಆಟಪಾಠ, ಪೌಷ್ಟಿಕ ಆಹಾರ, ಚುಚ್ಚುಮದ್ದು. ಹಳಗಾಲದ ಶಾಸನಗಳಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವುದಕ್ಕೆ ‘ಬಾಲಶಿಕ್ಷೆ’ ಎಂಬ ಮಾತೇ ಇದೆ. ಅದಕ್ಕೆಂದು ಬಿಟ್ಟ ದತ್ತಿಗಳೂ ಇವೆ. ದತ್ತಿಯೆಂದರೆ ಸಾಮಾನ್ಯವಾಗಿ ಭೂಮಿ. ಕೊಟ್ಟವನು ಸತ್ತ ಮೇಲೂ ಗದ್ದೆ ಬೆಳೆಯುತ್ತದೆ, ಕಲಿಸುವವನ ಮನೆಯಲ್ಲಿ ಒಲೆ ಉರಿಯುತ್ತದೆ. ಕೊಡುವವನ ಮನಸ್ಸು ಬದಲಾದರೂ ಕೊಡುಗೆ ನಿಲ್ಲಬಾರದು ಎಂಬ ಬುದ್ಧಿ ಅದರಲ್ಲಿತ್ತು. ಆ ಪಾಠಗಳಲ್ಲಿ ಬಹುಪಾಲು ಯಾರಿಗೆ ತೆರೆದಿದ್ದವು, ಯಾರಿಗೆ ಮುಚ್ಚಿದ್ದವು ಎನ್ನುವುದೂ ನಮಗೆಲ್ಲ ಗೊತ್ತಿರುವುದೇ.

ನಮ್ಮ ತಾತಂದಿರ ಕಾಲದ ವಾರಾನ್ನವೂ ಹಾಗೆಯೇ. ಪೇಟೆಗೆ ಓದಲು ಬಂದ ಬಡ ಹುಡುಗ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಳ್ಳುತ್ತಿದ್ದ. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ, ಹೀಗೆ. ವಾರಾನ್ನ ಉಂಡು ಓದಿ ದೊಡ್ಡವರಾದವರ ಆತ್ಮಕಥೆಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಯಾವ ಮನೆಗೂ ಅದು ಹೊರೆಯಾಗುತ್ತಿರಲಿಲ್ಲ, ಹುಡುಗನೂ ಹಸಿದಿರುತ್ತಿರಲಿಲ್ಲ. ಎಷ್ಟು ಜಾಣ ಏರ್ಪಾಡು! ಆದರೆ ಆ ಏಳು ಬಾಗಿಲುಗಳು ತೆರೆಯುತ್ತಿದ್ದುದು ಜಾತಿ ನೋಡಿ. ಉಳಿದವರು ತಮ್ಮ ತಮ್ಮ ಹಾಸ್ಟೆಲು ಕಟ್ಟಿಕೊಂಡರು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸೀಮೆಯಲ್ಲೂ ಉತ್ತರ ಕರ್ನಾಟಕದಲ್ಲೂ ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು ಎದ್ದವು. ಸಿರಸಂಗಿಯ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಂಡಾಗ ಅವರ ಇಡೀ ಸಂಸ್ಥಾನದ ಆಸ್ತಿ ಮಕ್ಕಳ ಓದಿಗೆ ಹೋಯಿತು. ಆ ಟ್ರಸ್ಟಿನ ವಿದ್ಯಾರ್ಥಿವೇತನ ಎಷ್ಟೋ ತಲೆಮಾರನ್ನು ಓದಿಸಿತು. ಹಾಸ್ಟೆಲು ಕಟ್ಟಿಕೊಳ್ಳುವಷ್ಟು ಆಸ್ತಿವಂತರೇ ಇಲ್ಲದ ಸಮುದಾಯಗಳು ಎಪ್ಪತ್ತರ ದಶಕದವರೆಗೆ, ದೇವರಾಜ ಅರಸರ ಕಾಲದಲ್ಲಿ ಸರ್ಕಾರಿ ಹಾಸ್ಟೆಲುಗಳು ಹೆಚ್ಚುವವರೆಗೆ, ಕಾಯಬೇಕಾಯಿತು. ನನ್ನ ಅಪ್ಪ ಏಳನೆಯ ಕ್ಲಾಸಿಗೆ ಓದು ಬಿಟ್ಟದ್ದು ಆ ಕಾಯುವ ಕಾಲದಲ್ಲಿ. ಅವರಿಗೆ ಗಣಿತ ಬಾಯಲ್ಲೇ ಬರುತ್ತಿತ್ತು. ಅಡಿಕೆ ಮಂಡಿಯವರು ಕ್ಯಾಲ್ಕುಲೇಟರು ಒತ್ತುವ ಮೊದಲೇ ಉತ್ತರ ಹೇಳುತ್ತಿದ್ದರು.

ಇದೇ ಜಿಲ್ಲೆಯ ಇನ್ನೊಂದು ಕತೆ ಭದ್ರಾವತಿಯದು. 1923ರಲ್ಲಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ವಹಿಸಿಕೊಂಡರು. ಕಾರ್ಖಾನೆ ಲಾಭಕ್ಕೆ ಬರುವವರೆಗೆ ಸಂಬಳ ಬೇಡ ಎಂದರು. ಕೊನೆಗೆ ಸಲ್ಲಬೇಕಾದ ಬಾಕಿ ಒಂದೂವರೆ ಲಕ್ಷ ರೂಪಾಯಿ ಮೀರಿತ್ತು. ಆ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರು ಕೈಕಸುಬು ಕಲಿಯುವ ಒಂದು ಶಾಲೆ ಮಾಡಿ ಎಂದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಗೆ ಅವರ ಹೆಸರಿಡಲು ಸರ್ಕಾರ ಹೊರಟಿತ್ತಂತೆ. ಅವರು ಒಪ್ಪಲಿಲ್ಲ. ಅದು ಶ್ರೀ ಜಯಚಾಮರಾಜೇಂದ್ರರ ಹೆಸರು ಹೊತ್ತಿತು. ಎಸ್‌ಜೆಪಿ ಎಂದರೆ ಬೆಂಗಳೂರಿನವರಿಗೆ ಇವತ್ತಿಗೂ ಗೊತ್ತು. ಅಲ್ಲಿ ಟರ್ನರು, ಫಿಟ್ಟರು ಕೆಲಸ ಕಲಿತ ಎಷ್ಟು ಹುಡುಗರಿಗೆ ತಮ್ಮ ಫೀಸಿನಲ್ಲಿ ಭದ್ರಾವತಿಯ ಕುಲುಮೆಯ ಬಿಸಿ ಇದೆ ಎಂದು ಗೊತ್ತಿತ್ತೋ ಏನೋ.

ಅದೇ ನಲವತ್ತರ ದಶಕದಲ್ಲಿ ಶಿವಮೊಗ್ಗ ಪೇಟೆಯಲ್ಲಿ ದೇಶೀಯ ವಿದ್ಯಾಶಾಲೆ (1943), ರಾಷ್ಟ್ರೀಯ ಶಿಕ್ಷಣ ಸಮಿತಿ (1946) ಹುಟ್ಟಿಕೊಂಡವು. ಊರಿನವರು ಸೇರಿ ಊರಿನ ಮಕ್ಕಳಿಗೆಂದು ಕಟ್ಟಿದವು. ಹಳ್ಳಿಯಿಂದ ಬಂದ ನಮ್ಮಂಥವರು ಕೂರಲು ಬೆಂಚು ಸಿಕ್ಕಿದ್ದು ಇಂಥ ಕೆಲಸಗಳಿಂದ.

ನಾನು ಓದಿದ್ದೂ ಬೇರೆಯವರ ದುಡ್ಡಿನಲ್ಲಿ. ಎರಡು ಸಲ ಹಣ ಬಂತು, ಎರಡು ರೀತಿಯಲ್ಲಿ ಬಂತು. ಎಸ್ಸೆಸ್ಸೆಲ್ಸಿ ಆದಾಗ ಒಂದು ಸಂಘದವರು ಪ್ರತಿಭಾ ಪುರಸ್ಕಾರಕ್ಕೆ ಕರೆದರು. ಬೆಳಿಗ್ಗೆ ಹತ್ತಕ್ಕೆ ಎಂದಿದ್ದರು, ಅತಿಥಿಗಳು ಬಂದಾಗ ಒಂದೂವರೆ. ಅಪ್ಪ ಆ ದಿನದ ಕೂಲಿ ಬಿಟ್ಟು ಜೊತೆಗೆ ಬಂದಿದ್ದರು. ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿದರು. ‘ಕಡುಬಡತನದಲ್ಲಿ ಓದಿದ ಹುಡುಗಿ’ ಎಂದು ಮೈಕಿನಲ್ಲಿ ಹೇಳಿದರು. ಅಪ್ಪ ಕೊನೇ ಸಾಲಿನಲ್ಲಿ ಕೂತು ತಲೆ ತಗ್ಗಿಸಿದ್ದು ನನಗೆ ಅಲ್ಲಿಂದಲೇ ಕಂಡಿತು. ಕೊಟ್ಟದ್ದು ಒಂದು ಸಾವಿರ ರೂಪಾಯಿ, ಒಂದು ಹಾರ, ಒಂದು ಫೋಟೋ. ಆ ಸಾವಿರದಲ್ಲಿ ನನ್ನ ಪುಸ್ತಕಗಳು ಬಂದವು. ಆ ಋಣ ನನಗಿದೆ.

ಎರಡನೆಯದು ಪಿಯುಸಿಯಲ್ಲಿ. ಫೀಸಿನ ಕೊನೇ ದಿನ ದಾಟಿತ್ತು. ಕ್ಲಾರ್ಕು ಕರೆದರೆ ಏನು ಹೇಳುವುದು ಎಂದು ಬಸ್ಸಿನಲ್ಲಿ ಪೂರ್ತಿ ಯೋಚಿಸುತ್ತ ಬಂದಿದ್ದೆ. ಅವರು ಕಿಟಕಿಯಲ್ಲಿ ತಲೆ ಎತ್ತದೆ ಹೇಳಿದರು: “ನಿಂದು ಕಟ್ಟಿದಾರೆ. ಕ್ಲಾಸಿಗೆ ಹೋಗಮ್ಮ.”

“ಯಾರು ಸಾರ್?”

“ಅಡಿಕೆ ಮಂಡಿಯೋರು ಯಾರೋ. ಹೆಸ್ರು ಹೇಳ್ಬೇಡಿ ಅಂದಿದಾರೆ.”

ಎರಡು ವರ್ಷ ಹಾಗೆಯೇ ನಡೆಯಿತು. ಪ್ರತಿ ಸಲ ಕೊನೇ ದಿನಕ್ಕೆ ಮೊದಲೇ ಹಣ ಕಟ್ಟಿರುತ್ತಿತ್ತು. ಗಾಂಧಿ ಬಜಾರಿನಲ್ಲಿ, ಮಂಡಿಯ ಬೀದಿಗಳಲ್ಲಿ ಬಿಳಿ ಅಂಗಿಯ ಯಾವ ಯಜಮಾನರನ್ನು ಕಂಡರೂ ಇವರೇ ಇರಬಹುದೇ ಎನಿಸುತ್ತಿತ್ತು. ಒಬ್ಬರಿಗೆ ಕೊಡಬೇಕಾಗಿದ್ದ ಕೃತಜ್ಞತೆಯನ್ನು ಇಡೀ ಬೀದಿಗೆ ಹಂಚಿಕೊಂಡು ಓಡಾಡಿದೆ. ಆ ಮನುಷ್ಯ ನನಗೆ ಫೀಸಿಗಿಂತ ದೊಡ್ಡದೊಂದನ್ನು ಉಳಿಸಿಕೊಟ್ಟರು ಎಂದು ಈಗ ಅನಿಸುತ್ತದೆ. ಕ್ಲಾಸಿನಲ್ಲಿ ನಾನು ಎಲ್ಲರಂತೆ ಇನ್ನೊಬ್ಬ ಹುಡುಗಿಯಾಗಿದ್ದೆ. ಫೇಲಾಗುವ ಹಕ್ಕು ಕೂಡ ನನಗಿತ್ತು.

ನನ್ನ ಮೇಜಿನ ಮೇಲೆ ಬರುವ ಅರ್ಜಿಗಳಲ್ಲಿ ಆ ಹಕ್ಕು ಕಾಣುವುದಿಲ್ಲ. ಶೇಕಡ 85ಕ್ಕಿಂತ ಹೆಚ್ಚು ಅಂಕ ಎನ್ನುತ್ತದೆ ಒಂದು, 90 ಎನ್ನುತ್ತದೆ ಇನ್ನೊಂದು. ಗೆದ್ದವರನ್ನು ಹುಡುಕಿಕೊಂಡು ದಾನ ಬರುತ್ತದೆ. ಅದು ತಪ್ಪು ಎನ್ನುತ್ತಿಲ್ಲ. ಗೆದ್ದ ಬಡವರೂ ಬಡವರೇ. ಆದರೆ ಹದಿನೈದನೆಯ ವಯಸ್ಸಿನ ಅಂಕಪಟ್ಟಿ ಬರೆಯಲು ಶುರುವಾಗುವುದು ಮೂರನೆಯ ವಯಸ್ಸಿನಲ್ಲಿ. ಆ ಹೊತ್ತಿನಲ್ಲಿ ಹೊಟ್ಟೆ ತುಂಬಿತ್ತೋ ಇಲ್ಲವೋ, ಕತೆ ಹೇಳುವವರು ಒಬ್ಬರಿದ್ದರೋ ಇಲ್ಲವೋ, ಜ್ವರ ಬಂದರೆ ಗಮನಿಸುವ ಕಣ್ಣಿತ್ತೋ ಇಲ್ಲವೋ, ಇವೆಲ್ಲ ಅದರಲ್ಲಿ ಅಂಕವಾಗಿ ಬರುತ್ತವೆ. ಮೂರು ವರ್ಷದ ಮಗುವಿಗೆ ಮಾತ್ರ ದಾನಿ ಸಿಗುವುದು ಕಷ್ಟ. ಅದಕ್ಕೆ ರ‍್ಯಾಂಕ್ ಇಲ್ಲ. ವೇದಿಕೆಯ ಮೇಲೆ ನಿಲ್ಲಿಸಿದರೆ ಅಳುತ್ತದೆ.

ತ್ಯಾವರೆಕೊಪ್ಪದ ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಬಹುದು. ಇಂತಿಷ್ಟು ಕಾಲದ ಆಹಾರ, ಆರೈಕೆಗೆ ಇಂತಿಷ್ಟು ಎಂದು ದರ ಇದೆ. ಸಕ್ರೆಬೈಲಿನ ಆನೆಗಳಿಗೂ ಅಷ್ಟೇ, ಹುಲ್ಲು ಸುತ್ತಿದ ಕುಸುರೆ ದಿನಕ್ಕೆ ಎಷ್ಟು ಎನ್ನುವುದಕ್ಕೆ ಲೆಕ್ಕವಿದೆ. ಹುಲಿಗೆ ಯಾರೂ ಅಂಕಪಟ್ಟಿ ಕೇಳುವುದಿಲ್ಲ. ಮರಿಯಾನೆ ಮುಂದೆ ಹೆಸರು ತರುತ್ತದೋ ಇಲ್ಲವೋ ಎಂದು ನೋಡಿ ಯಾರೂ ಹಾಲು ಅಳೆಯುವುದಿಲ್ಲ. ಪ್ರಾಣಿಗಳ ವಿಷಯದಲ್ಲಿ ನಮಗೆ ಹೊಳೆದ ನ್ಯಾಯ ಮಕ್ಕಳ ವಿಷಯದಲ್ಲೂ ಹೊಳೆದರೆ ಸಾಕು: ಬೇಕಾದದ್ದು ದಿನಾ ಬೇಕು, ಮತ್ತು ಇದ್ದವರಿಗೆಲ್ಲ ಬೇಕು.

ಇದು ಸರ್ಕಾರದ ಕೆಲಸ ಎನ್ನುತ್ತೀರಿ. ಹೌದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಇವತ್ತು ಅಂಗನವಾಡಿ ಇಲ್ಲದ ಊರು ಹುಡುಕಬೇಕು. ಇಷ್ಟು ದೊಡ್ಡ ಕೆಲಸವನ್ನು ಯಾವ ದಾನಿಯೂ ಮಾಡಲಾರ. ದಾನ ದೊಡ್ಡದಾಗಿ ನಿಂತಾಗಲೂ ಸರ್ಕಾರದ ಹೆಗಲು ಬೇಕು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕೈ ಜೋಡಿಸಿದಾಗ ಶಾಲಾ ಮಕ್ಕಳಿಗೆ ವಾರಕ್ಕೆ 2 ದಿನ ಸಿಗುತ್ತಿದ್ದ ಮೊಟ್ಟೆ 6 ದಿನವಾಯಿತು. ಅದು ಸಾಧ್ಯವಾದದ್ದು ಬೇಯಿಸುವ ಒಲೆ, ಬಡಿಸುವ ಕೈ, ಎಣಿಸುವ ಪುಸ್ತಕ ಮೊದಲೇ ಇದ್ದುದರಿಂದ.

ಆ ಬೇಯಿಸುವ, ಬಡಿಸುವ ಕೈಗೆ ನಾವು ಕೊಡುವುದಕ್ಕೆ ಸಂಬಳ ಎನ್ನುವುದಿಲ್ಲ. ಗೌರವಧನ ಎನ್ನುತ್ತೇವೆ. ಈ ಶಬ್ದವನ್ನು ನಾನು ಚಿಕ್ಕಂದಿನಿಂದ ಕೇಳಿದವಳು. ಉಪನ್ಯಾಸ ಮಾಡಲು ಬಂದ ಅತಿಥಿಗೆ ಕವರಿನಲ್ಲಿಟ್ಟು ಕೊಡುವುದು ಗೌರವಧನ. ದಿನಾ ಬೆಳಿಗ್ಗೆ ಬಾಗಿಲು ತೆರೆದು, ಕಸ ಗುಡಿಸಿ, ತೂಕ ನೋಡಿ, ಗರ್ಭಿಣಿಯರ ಪಟ್ಟಿ ಬರೆದು, ಚುನಾವಣೆ ಬಂದರೆ ಅದಕ್ಕೂ ಓಡಾಡಿದವಳಿಗೆ ಕೊಡುವುದಕ್ಕೂ ಅದೇ ಹೆಸರು. ದುಡ್ಡು ಬರುವ ಮೊದಲು ಮೊಟ್ಟೆ ಬರಬೇಕಿತ್ತು. ಅಮ್ಮ ಅಂಗಡಿಯಲ್ಲಿ ಸಾಲ ಹೇಳಿ ತರುತ್ತಿದ್ದಳು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಯಿಟಿ ಸಲ್ಲಬೇಕು ಎಂದು ತೀರ್ಪು ಕೊಟ್ಟಾಗ ಪತ್ರಿಕೆಯನ್ನು ಅಮ್ಮನ ಮುಂದೆ ಹಿಡಿದೆ. ಅವಳು ಎರಡು ಸಲ ಓದಿಸಿಕೊಂಡಳು. “ಹಂಗಾರೆ ನಾವ್ ಮಾಡಿದ್ದು ಕೆಲ್ಸ ಅಂತಾಯ್ತು” ಅಂದಳು.

ಆಗ ನನಗೆ ಹೊಳೆಯಿತು, ಹಾಜರಿ ಪುಸ್ತಕದ ಕೊನೇ ಹಾಳೆಯಲ್ಲಿ ಎಲ್ಲರ ಹೆಸರಿದ್ದರೂ ಒಂದು ಹೆಸರು ಇಲ್ಲ ಎಂದು. ಸೌದೆ ಕೊಟ್ಟವರು, ಮಜ್ಜಿಗೆ ಕೊಟ್ಟವರು, ಬಾಳೆಹಣ್ಣು ಕೊಟ್ಟವರು ಎಲ್ಲರಿದ್ದಾರೆ. ಕೆಲಸಕ್ಕೆ ತಕ್ಕ ಸಂಬಳಕ್ಕೂ ಕೈಗೆ ಬಂದ ಗೌರವಧನಕ್ಕೂ ನಡುವಿನ ಅಂತರವನ್ನು ಮೂವತ್ತು ವರ್ಷ ಪ್ರತಿ ತಿಂಗಳು ಊರಿಗೆ ಕೊಟ್ಟವಳು ಅದರಲ್ಲಿಲ್ಲ. ವಿಶ್ವೇಶ್ವರಯ್ಯನವರು ಬಿಟ್ಟುಕೊಟ್ಟ ಸಂಬಳದಿಂದ ಒಂದು ಶಾಲೆಯಾಯಿತು. ಅಮ್ಮನಂಥವರು ಬಿಟ್ಟ ಸಂಬಳದಿಂದ ಊರೂರಿನ ಅಂಗನವಾಡಿ ನಡೆದಿದೆ. ಒಂದು ವ್ಯತ್ಯಾಸವಿದೆ: ಅವರು ಬೇಡ ಎಂದು ಬಿಟ್ಟರು, ಇವರನ್ನು ಯಾರೂ ಕೇಳಲೇ ಇಲ್ಲ. ಕೇಳದೆ ತೆಗೆದುಕೊಂಡದ್ದನ್ನು ದಾನ ಎನ್ನಬಹುದೇ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ದಾನಿಗಳ ಬಗ್ಗೆ ಮಾತಾಡುವಾಗ ಈ ಲೆಕ್ಕ ಬಿಟ್ಟು ಮಾತಾಡಲು ನನ್ನಿಂದಾಗದು.

ಹಾಗಾದರೆ ನಮ್ಮಂಥವರು ಏನು ಕೊಡಬಹುದು? ಮಂಗಳೂರಿನ ಬೀದಿಗಳಲ್ಲಿ ಕಿತ್ತಳೆ ಮಾರಿ ತನ್ನೂರು ಹರೇಕಳದ ನ್ಯೂಪಡ್ಪುವಿಗೆ ಶಾಲೆ ತಂದ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಬಂತು. ಅಷ್ಟು ದೊಡ್ಡ ಕೆಲಸ ಎಲ್ಲರಿಗೂ ಆಗುವುದಲ್ಲ. ಆದರೆ ಅವರಿಂದ ಕಲಿಯಬಹುದಾದ ಒಂದು ಸಣ್ಣ ಸಂಗತಿ ಇದೆ: ಅವರ ಊರಿಗೆ ಏನು ಇರಲಿಲ್ಲ ಎನ್ನುವುದು ಅವರಿಗೆ ಸರಿಯಾಗಿ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ನಾವು ಮೂವರು ಗೆಳತಿಯರು ಊರಿನ ಅಂಗನವಾಡಿಗೆ ಏನಾದರೂ ಕೊಡಬೇಕೆಂದು ಹೊರಟೆವು. ಗೋಡೆಗೆ ಬಣ್ಣ, ಆಟಿಕೆ, ಪುಟ್ಟ ಕುರ್ಚಿಗಳು ಎಂದೆಲ್ಲ ಪಟ್ಟಿ ಮಾಡಿದ್ದೆವು. ಅಮ್ಮನಿಗೆ ತೋರಿಸಿದೆ. ಅವಳು ಪಟ್ಟಿಯನ್ನು ಓದಿ ಮಡಚಿಟ್ಟು ಕೇಳಿದಳು: “ಏನ್ ಬೇಕು ಅಂತ ಕೇಳ್ತೀಯಲ್ಲ ಮಾರಾಯ್ತಿ, ಯಾವಾಗ ಬೇಕು ಅಂತ ಕೇಳು.”

ಯಾವಾಗ ಎಂದರೆ ಜುಲೈ. ಮಲೆನಾಡಿನ ಮಳೆ ಹಿಡಿದಿರುತ್ತದೆ, ನಟ್ಟಿ ಶುರುವಾಗಿರುತ್ತದೆ. ಅಪ್ಪ ಅಮ್ಮ ಇಬ್ಬರೂ ಗದ್ದೆಯಲ್ಲಿ. ಅಂಗನವಾಡಿ ಮುಚ್ಚುವ ಹೊತ್ತಿಗೂ ಅವರು ಮನೆ ಸೇರುವ ಹೊತ್ತಿಗೂ ನಡುವೆ ಎರಡು ಮೂರು ಗಂಟೆ. ಆ ಹೊತ್ತಿನಲ್ಲಿ ಮಕ್ಕಳು ಗದ್ದೆಯ ಬದುವಿನಲ್ಲಿ ಗೊರಬಿನಡಿ ಕೂತಿರುತ್ತವೆ, ಇಲ್ಲವೇ ಎಂಟು ವರ್ಷದ ಅಕ್ಕ ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಾಳೆ. ಆ ಅಕ್ಕನ ಓದು ಹಿಂದೆ ಬೀಳುವುದು ಅಲ್ಲಿಂದ. ನರೇಗಾ ಕೂಲಿಯವರ ಚಿಕ್ಕ ಮಕ್ಕಳಿಗೆಂದು ಸರ್ಕಾರ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆದದ್ದು ಇಂಥ ಕಷ್ಟ ಕಂಡೇ. ಎಲ್ಲ ಊರಿಗೂ ಅದು ಮುಟ್ಟಬೇಕು. ಮುಟ್ಟುವವರೆಗೆ?

ನಾವು ಬಣ್ಣದ ಡಬ್ಬಿ ಬಿಟ್ಟೆವು. ಊರಿನ ಒಬ್ಬ ಹಿರಿಯ ಹೆಂಗಸಿಗೆ ಜುಲೈ, ಆಗಸ್ಟ್ ಎರಡು ತಿಂಗಳು ಸಂಜೆ ಆರರವರೆಗೆ ಮಕ್ಕಳನ್ನು ಭಜನಾ ಮಂದಿರದಲ್ಲಿ ನೋಡಿಕೊಳ್ಳಲು ಸಂಬಳ ಕೊಡುತ್ತೇವೆ. ಸಂಬಳ ಎಂದೇ ಹೇಳಿ ಕೊಡುತ್ತೇವೆ. ಜೊತೆಗೆ ಒಂದಿಷ್ಟು ಅವಲಕ್ಕಿ, ಬೆಲ್ಲ, ಒಣಗಿದ ಎರಡು ಕಂಬಳಿ. ಹೋದ ವರ್ಷ ಹನ್ನೊಂದು ಮಕ್ಕಳಿದ್ದವು. ಇದರಲ್ಲಿ ಹೆಸರು ಬರೆಯಲು ಜಾಗವೇ ಇಲ್ಲ. ಸಂಜೆ ಆರು ಗಂಟೆಯ ಮೇಲೆ ಏನು ಬರೆಯುವುದು? ಆದರೆ ಹೋದ ನಟ್ಟಿಯಲ್ಲಿ ಮೂವರು ಅಕ್ಕಂದಿರು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ಇದನ್ನು ಓದುವ ನಿಮ್ಮಲ್ಲಿ ಅನೇಕರು ಇನ್ನೂ ವಿದ್ಯಾರ್ಥಿಗಳು. ನಾಳೆ ಸಂಬಳ ಬರುತ್ತದೆ, ಕೊಡುವ ಮನಸ್ಸೂ ಬರುತ್ತದೆ. ಆಗ ಫಲಿತಾಂಶ ಬರುವವರೆಗೆ ಕಾಯಬೇಡಿ. ನಿಮ್ಮ ಬೀದಿಯ ಅಂಗನವಾಡಿಗೆ ಹೋಗಿ, ಟೀಚರನ್ನು ಅಮ್ಮ ಹೇಳಿದ ಪ್ರಶ್ನೆ ಕೇಳಿ. ಅವರು ಹೇಳುವ ತಿಂಗಳು ನಮ್ಮ ಜುಲೈ ಆಗಿರಬೇಕೆಂದಿಲ್ಲ.

ನಮ್ಮ ಕಡೆ ಈ ಸಲ ಮುಂಗಾರು ಬೇಗ ಹಿಡಿಯುವ ಲಕ್ಷಣವಿದೆ. ಹಣವನ್ನು ಜೂನ್ ಇಪ್ಪತ್ತರೊಳಗೆ ಹಾಕಬೇಕು ಎಂದು ಗೆಳತಿಯರಿಗೆ ಮೆಸೇಜು ಕಳಿಸಿದ್ದೇನೆ. ಒಬ್ಬಳು ಆಗಲೇ ಹಾಕಿದ್ದಾಳೆ.